ಗುಡ್ಡ ಬೀಳದ ದಾಳ

ಮೂರು ವಾರ ಕಳೆದರೂ ನಮ್ಮ ಶಾಲೆಯಲ್ಲಿ ಒಂದು ಮನೆಯ ಹಿಂದೆಯೂ ಗುಡ್ಡ ಏಳಲಿಲ್ಲ.

ಆಟ ಸುಲಭದ್ದು, ನಾನೇ ಕೂತು ಮಾಡಿದ್ದು. ಗುಂಪಿಗೊಂದು ರಟ್ಟು, ಅದರ ಮೇಲೆ ಬರೀ ಗೆರೆಯಲ್ಲಿ ಬರೆದ ಒಂದು ಮನೆಯ ಚಿತ್ರ. ಗೋಡೆಗೆ ಚೌಕ, ಮಾಡಿಗೆ ತ್ರಿಕೋನ, ಬಾಗಿಲಿಗೆ ಆಯತ, ಮೇಲೆ ಸೂರ್ಯನಿಗೆ ವೃತ್ತ, ಪಕ್ಕದಲ್ಲಿ ಗಾಳಿಪಟಕ್ಕೆ ವಜ್ರಾಕೃತಿ, ಮನೆಯ ಹಿಂದೆ ಗುಡ್ಡಕ್ಕೆ ಅರ್ಧವೃತ್ತ. ಇದೇ ಆರು ಆಕಾರದ ಮರದ ತುಂಡುಗಳು ಒಂದು ಬುಟ್ಟಿಯಲ್ಲಿ. ಇದೇ ಆರು ಆಕಾರಗಳನ್ನು ಆರು ಮುಖಕ್ಕೆ ಬರೆದ ಒಂದು ಮರದ ದಾಳ. ಮಕ್ಕಳು ನಾಲ್ಕು ಗುಂಪಾಗಿ ಕೂತು ಸರದಿಯಂತೆ ದಾಳ ಉರುಳಿಸಬೇಕು. ಯಾವ ಆಕಾರ ಬಿತ್ತೋ ಆ ತುಂಡನ್ನು ಎತ್ತಿ ಚಿತ್ರದ ಮೇಲೆ ಇಡಬೇಕು. ಯಾರ ಮನೆ ಮೊದಲು ಪೂರ್ತಿಯಾಯಿತೋ ಅವರು ಗೆದ್ದ ಹಾಗೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಆಟ ಮೂರು ವಾರದಲ್ಲಿ ಒಮ್ಮೆಯೂ ಮುಗಿಯಲಿಲ್ಲ. ನಾಲ್ಕು ಗುಂಪಿಗೂ ಗೋಡೆ ಎದ್ದಿತು, ಮಾಡು ಕೂತಿತು, ಸೂರ್ಯನಂತೂ ಬೇಡ ಬೇಡವೆಂದರೂ ಬಂದು ಬಂದು ಬಿದ್ದ. ಗುಡ್ಡ ಮಾತ್ರ ಯಾರಿಗೂ ಇಲ್ಲ.

ಇದಕ್ಕೆಲ್ಲ ಮೂಲ ಆ ತರಬೇತಿ. 2003ರ ದಸರಾ ರಜೆಯಲ್ಲಿ ಐದು ದಿನ ನಮ್ಮನ್ನು ಸಿದ್ದಾಪುರಕ್ಕೆ ಕರೆಸಿ, ಮಕ್ಕಳು ಆಡುತ್ತ ಕಲಿಯಬೇಕು, ಆಟದ ಸಾಮಾನು ನೀವೇ ಮಾಡಿಕೊಳ್ಳಬೇಕು ಎಂದು ಹೇಳಿಕೊಟ್ಟರು. ಒಂದಿಡೀ ದಿನ ಬೆಂಕಿಪೊಟ್ಟಣ ಅಂಟಿಸಿ ರೈಲು ಮಾಡಿಸಿದರು. ನಮ್ಮ ಮಕ್ಕಳಲ್ಲಿ ಒಬ್ಬರೂ ರೈಲು ಕಂಡವರಲ್ಲ, ಅದು ಬೇರೆ ಮಾತು. ಕೊನೆಯ ದಿನ ಈ ದಾಳದ ಆಟ ಬಂತು. ದಾಳಕ್ಕೆ ಆರು ಮುಖ, ಆರಕ್ಕೂ ಸಮಾನ ಅವಕಾಶ, ಆಟ ಮುಗಿಯುವಷ್ಟರಲ್ಲಿ ಮಗುವಿಗೆ ಆರೂ ಆಕಾರ ಬಾಯಿಪಾಠ ಎಂದರು ತರಬೇತಿ ಕೊಟ್ಟವರು. ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಅಡಿಗೆ ಗೆರೆಯನ್ನೂ ಎಳೆದೆ.

ಕಾನಸೂರಿನಿಂದ ಮೂರು ಕಿಲೋಮೀಟರು ಒಳಗಿರುವ ನಮ್ಮ ಶಾಲೆಗೆ ನಾನೊಬ್ಬಳೇ ಟೀಚರು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಒಟ್ಟು ಹತ್ತೊಂಬತ್ತು ಮಕ್ಕಳು. ಮೊದಲು ರಟ್ಟಿನ ದಾಳ ಮಾಡಿದೆ. ಎರಡನೆಯ ದಿನವೇ ಒಬ್ಬ ಅದರ ಮೇಲೆ ಕೂತ. ಮರದ್ದೇ ಮಾಡಿಸೋಣ ಎಂದುಕೊಂಡು ಬಡಗಿ ನಾಗಪ್ಪ ಆಚಾರಿಯ ಕೆಲಸದ ಕೊಟ್ಟಿಗೆಗೆ ಹೋದೆ. ನಾಗಪ್ಪನ ಬಾಯಲ್ಲಿ ಇರುವುದು ಎರಡೇ ಮಾತು, ಒಂದು ‘ನಾಳೆ ಬನ್ನಿ’, ಇನ್ನೊಂದು ‘ನಾಡಿದ್ದು ಬನ್ನಿ’. ಆದರೆ ಅವತ್ತು ನಾನು ಕಾಗದದ ಮೇಲೆ ಬರೆದು ತೋರಿಸಿದ ಆರು ಆಕಾರಗಳನ್ನು ನೋಡಿದ್ದೇ ಅವನ ಮುಖ ಅರಳಿತು.

“ಆರು ಚಿತ್ರದ ದಾಳವಾ? ಇದನ್ನ ನಂಗೆ ಹೇಳಿಕೊಡಬೇಕಾ ಅಕ್ಕೋರೆ?” ಎಂದ. ಅರ್ಧವೃತ್ತದ ಮೇಲೆ ಬೆರಳಿಟ್ಟು, “ಇದು ಚಂದ್ರ ಅಲ್ವಾ?” ಎಂದು ಕೇಳಿದ.

“ಅಲ್ಲ, ಗುಡ್ಡ.”

“ಆತು. ಗುಡ್ಡ ಅಂತ್ಲೇ ಇಟ್ಕಳಾಣ,” ಎಂದು ನಕ್ಕ.

ಯಾವುದಕ್ಕೂ ತಿಂಗಳು ತಿರುಗಿಸುವ ಮನುಷ್ಯ ದಾಳವನ್ನು ಮೂರೇ ದಿನಕ್ಕೆ ಕೊಟ್ಟ. ಹಗುರಾದ ಹಾಲವಾಣದ ಮರ, ಲಿಂಬೆಹಣ್ಣಿನಷ್ಟು ಗಾತ್ರ, ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದ, ಕಾಯಿಸಿದ ಮೊಳೆಯಿಂದ ಚಿತ್ರ ಸುಟ್ಟು ಬರೆದಿದ್ದ. ಇಷ್ಟು ಚೆಂದದ ಕೆಲಸಕ್ಕೆ ನಾನು ನಾಲ್ಕು ಒಳ್ಳೆಯ ಮಾತು ಹೇಳಿದೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎರಡನೆಯ ವಾರದಲ್ಲೇ ಎರಡನೆಯ ತರಗತಿಯ ದಿವ್ಯಾ ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದಳು. ಕಡ್ಡಿಯಂಥ ಹುಡುಗಿ, ಮಾತು ಕಡಿಮೆ. ಅಪ್ಪ ಅಮ್ಮ ಕಿರವತ್ತಿಯ ಹತ್ತಿರ ಕಾಡಿನ ಕೂಲಿಗೆ ಹೋಗಿ ಅಲ್ಲೇ ಜೋಪಡಿ ಹಾಕಿಕೊಂಡಿದ್ದರು. ಇವಳು ಇಲ್ಲಿ ಅಜ್ಜ ಅಜ್ಜಿಯ ಜೊತೆ ಇದ್ದಳು.

“ಗುಡ್ಡ ಬರೂದಿಲ್ಲ ಅಕ್ಕೋರೆ,” ಎಂದಳು.

“ಬರ್ತದೆ. ತಾಳ್ಮೆ ಬೇಕು. ಆರು ಮುಖಕ್ಕೂ ಸಮಾನ ಅವಕಾಶ ಇರ್ತದೆ.”

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಲೆಕ್ಕ ಬಾರದ ಮಕ್ಕಳನ್ನು ನಾನು ಹೇಗೆ ನೋಡುತ್ತೇನೋ ಹಾಗೆಯೇ ನೋಡಿದಳು. ಆಮೇಲೆ ಹೋಗಿ ಕೂತಳು. ನನಗೆ ನಾಲ್ಕು ತರಗತಿಯ ಕಾಪಿ ನೋಡುವುದಿತ್ತು, ಬಿಸಿಯೂಟಕ್ಕೆ ಅಕ್ಕಿ ಬೇಯಿಸುವವರು ಬಂದಿದ್ದಾರೋ ಇಲ್ಲವೋ ವಿಚಾರಿಸುವುದಿತ್ತು, ಮರೆತೆ.

ಅಷ್ಟರಲ್ಲಿ ಮಕ್ಕಳ ಕೈಯಲ್ಲಿ ಹುಣಸೆಬೀಜ ಕಾಣಿಸತೊಡಗಿತು. ದಾಳ ಉರುಳುವ ಮೊದಲು ಒಬ್ಬೊಬ್ಬರೂ ಒಂದೊಂದು ಆಕಾರದ ಮುಂದೆ ಬೀಜ ಇಡುವುದು, ಆಮೇಲೆ ಎಣಿಸುವುದು, ಕೂಡುವುದು, ಕಳೆಯುವುದು. ಅಬ್ಬಾ, ಹೇಳಿಕೊಡದೆಯೇ ಗಣಿತ ಮಾಡುತ್ತಿದ್ದಾರಲ್ಲ ಎಂದು ಖುಷಿಪಟ್ಟ ಜಾಣೆ ನಾನು.

ಗುರುವಾರ ಮಧ್ಯಾಹ್ನ ದಿವ್ಯಾಳ ಅಜ್ಜಿ ದ್ಯಾವಮ್ಮ ಬಂದಳು. ಶಾಲೆಯ ಬಾಗಿಲಿಗೆ ಎಂದೂ ಬಾರದವಳು. ಮಡಿಲಲ್ಲಿ ಕಟ್ಟಿಕೊಂಡು ಬಂದದ್ದನ್ನು ನನ್ನ ಮೇಜಿನ ಮೇಲೆ ಸುರಿದಳು. ಅಳೆದರೆ ಎರಡು ಸಿದ್ದೆಯಾದರೂ ಆಗುತ್ತಿದ್ದ ಹುಣಸೆಬೀಜ ಹಾಜರಿ ಪುಸ್ತಕದ ಮೇಲೆಲ್ಲ ಹರಡಿತು.

“ಇದೆಂತದು ಅಕ್ಕೋರೆ?”

“ಹುಣಸೆಬೀಜ.”

“ಅದು ನಂಗೂ ಗೊತ್ತೈತೆ. ನಮ್ಮನೇಲಿ ಹುಣಸೆಮರ ಇಲ್ಲ. ಕೇಳಿದ್ರೆ ಶಾಲೇಲಿ ಗೆದ್ದಿದ್ದು ಅಂತೈತೆ ಈ ಕೂಸು. ಶಾಲೇಲಿ ಎಂತ ಗೆಲ್ತಾರೆ?”

ನಾನು ನಗುತ್ತ ಅವಳನ್ನು ಕರೆದುಕೊಂಡು ಹೋಗಿ ರಟ್ಟು, ಬುಟ್ಟಿ, ದಾಳ ಎಲ್ಲ ತೋರಿಸಿದೆ. ದಾಳ ಕಂಡದ್ದೇ ದ್ಯಾವಮ್ಮ ಕೆಂಡ ತುಳಿದವಳ ಹಾಗೆ ಹಿಂದೆ ಸರಿದಳು.

“ಮಕ್ಳಿಗೆ ಗುಡಗುಡಿ ಕಲಿಸ್ತೀರಾ?”

ಬಯಲಾಟದ ಬದಿಯಲ್ಲಿ ಆರು ಚಿತ್ರದ ಬಟ್ಟೆ ಹಾಸಿ, ಡಬ್ಬಿಯಲ್ಲಿ ದಾಳ ಕುಲುಕಿ, ಚಿತ್ರದ ಮೇಲೆ ದುಡ್ಡು ಕಟ್ಟಿಸುವ ಆ ಜೂಜಿನ ಹೆಸರು ಮಾತ್ರ ನನಗೆ ಆಗ ಗೊತ್ತಿತ್ತು. ಆ ಮೂಲೆಗೆ ಹೆಣ್ಣುಮಕ್ಕಳು ಹೋಗುವ ಹಾಗೆಯೇ ಇರಲಿಲ್ಲ. ನನ್ನ ತವರಾದ ಹುಲೇಕಲ್ಲಿನಲ್ಲಿ ಅಪ್ಪ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಎದ್ದರೆ ಕಾಲು ಮುರಿಯುತ್ತೇನೆ ಎಂದು ಹೇಳಿ ಹೋಗುತ್ತಿದ್ದ. ಹಾಗಾಗಿ ಆರು ಚಿತ್ರದ ರಟ್ಟು, ಆರು ಚಿತ್ರದ ದಾಳ, ಮುಂದೆ ಗುಡ್ಡೆ ಹಾಕಿದ ಬೀಜ ಇವುಗಳನ್ನೆಲ್ಲ ಒಟ್ಟಿಗೆ ನೋಡಿದರೆ ಊರವರಿಗೆ ಏನು ನೆನಪಾದೀತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ತರಬೇತಿ ಕೊಟ್ಟವರೂ ಹೇಳಲಿಲ್ಲ. ಅವರು ಬೆಂಕಿಪೊಟ್ಟಣದ ರೈಲಿನಲ್ಲೇ ಇದ್ದರು.

“ದ್ಯಾವಮ್ಮಾ, ಇದು ಗಣಿತ. ಲೆಕ್ಕ.”

“ಗುಡಗುಡಿ ಆಡಿಸ್ತಿದ್ದವ್ರೂ ಲೆಕ್ಕಾನೇ ಮಾಡ್ತಿದ್ರು.”

“ಮಕ್ಕಳು ಬೀಜ ಇಟ್ಟದ್ದು ತಪ್ಪು. ನಾಳೆಯಿಂದ ಬಿಡಿಸ್ತೇನೆ.”

“ನೀವು ಬಿಡಿಸೂದು ಬ್ಯಾಡ. ನಾನೇ ಬಿಡಿಸ್ತೀನಿ.” ದಿವ್ಯಾಳ ಕೈ ಹಿಡಿದುಕೊಂಡಳು. “ಸೋಮವಾರ ಕೊಯ್ಲಿಗೆ ಇವಳಪ್ಪ ಬರ್ತಾನೆ. ಹೋಗೂವಾಗ ಕಿರವತ್ತಿಗೆ ಕರ್ಕಂಡು ಹೋಗ್ಲಿ. ಅಲ್ಲಿ ತಮ್ಮನ್ನ ಆಡಿಸ್ಕಂಡು ಇರ್ತದೆ. ಗುಡಗುಡಿ ಕಲಿಯೂದಕ್ಕಿಂತ ಅದೇ ಚಲೋ.”

ಅವಳು ಮಗುವನ್ನು ಎಳೆದುಕೊಂಡು ಹೋದಳು. ಮಗುವಿನ ಸ್ಲೇಟು ಮೇಜಿನ ಮೇಲೆಯೇ ಉಳಿಯಿತು. ದಿವ್ಯಾಳ ಅಕ್ಕ ನಾಲ್ಕು ವರ್ಷದ ಹಿಂದೆ ಹದಿನೈದು ದಿನಕ್ಕೆ ಎಂದು ಕಿರವತ್ತಿಗೆ ಹೋದವಳು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಆವಾಗಲೂ ಅವಳ ಸ್ಲೇಟು ನನ್ನ ಹತ್ತಿರವೇ ಉಳಿದಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ನಾಲ್ಕನೆಯ ತರಗತಿಯವರಿಗೆ ಮಗ್ಗಿ ಬರೆಯಲು ಹೇಳಿದೆ.

ಸಂಜೆ ಮನೆಗೆ ಹೋದರೆ ನಮ್ಮನೆಯವರು, ರಘುಪತಿ, ಆಗಲೇ ಸುದ್ದಿ ತಿಳಿದು ಕೂತಿದ್ದರು.

“ಶಾಲೆಲಿ ಗುಡಗುಡಿ ಶುರು ಮಾಡಿದ್ಯಡ. ಬಸ್ಸಲ್ಲಿ ಎಲ್ಲ ಅದನ್ನೇ ಹೇಳ್ತಾ ಇದ್ದ. ಯಂಗೂ ಒಂದು ಜಾಗ ಇದ್ದಾ?” ಎಂದು ಆಟಕ್ಕೆ ತಮ್ಮನ್ನೂ ಸೇರಿಸಿಕೊಳ್ಳಲು ಕೇಳಿ ನಕ್ಕರು.

“ನಗಡಿ. ಆ ಕೂಸು ಶಾಲೆ ಬಿಡ್ತು,” ಎಂದೆ.

ಆಮೇಲೆ ಅವರೇ ದ್ಯಾವಮ್ಮನ ಸಿಟ್ಟಿನ ಕಾರಣ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಗಂಡ ಕೆರಿಯಪ್ಪ ಗುಡಗುಡಿಯಲ್ಲಿ ಒಂದು ಜೊತೆ ಎತ್ತು ಕಳೆದುಕೊಂಡ. ಅದನ್ನು ವಾಪಸು ಗೆಲ್ಲುತ್ತೇನೆಂದು ಹೋಗಿ ಹೆಂಡತಿಯ ಕಿವಿಯ ಬುಗುಡಿ ಕಳೆದ. ಇವರು ಆಗ ಹೈಸ್ಕೂಲು ಹುಡುಗ, ಹಿಂದೆ ನಿಂತು ನೋಡಿದ್ದರಂತೆ. ಕೆರಿಯಪ್ಪ ಪ್ರತಿ ಸಲವೂ ಒಂದೇ ಚಿತ್ರಕ್ಕೆ ಕಟ್ಟುತ್ತಿದ್ದನಂತೆ, ಯಾವುದೆಂದು ಇವರಿಗೆ ನೆನಪಿಲ್ಲ. ಅವತ್ತಿನಿಂದ ಊರಲ್ಲಿ ಅವನಿಗೆ ‘ಕೈ ಸರಿ ಇಲ್ಲದವ’ ಎಂದು ಹೆಸರು ಬಿತ್ತು. ಬಿತ್ತುವಾಗ ಮೊದಲ ಹಿಡಿ ಬೀಜ ಅವನು ಹಾಕುವಂತಿಲ್ಲ, ಕೊಯ್ಲಿನಲ್ಲಿ ಮೊದಲು ಕತ್ತಿ ಹಾಕುವಂತಿಲ್ಲ. ತನ್ನ ಗದ್ದೆಗೇ ತಾನು ಆಳಿನ ಹಾಗೆ ಎರಡನೆಯವನಾಗಿ ಇಳಿಯುತ್ತಾನೆ. ಬೇರೆಯವರು ಬೇಡ, ದ್ಯಾವಮ್ಮನೇ ಬಿಡುವುದಿಲ್ಲ. ಅವನೂ ಒಂದು ದಿನ ಯಾಕೆ ಎಂದು ಕೇಳಿದವನಲ್ಲ.

ಶನಿವಾರ ಬೆಳಗಿನ ಶಾಲೆ. ಮಕ್ಕಳನ್ನು ಬಿಟ್ಟವಳೇ ದಾಳವನ್ನು ಚೀಲಕ್ಕೆ ಹಾಕಿಕೊಂಡು, ದಾರಿಯುದ್ದಕ್ಕೂ ಭಾಷಣ ಜೋಡಿಸುತ್ತ ದ್ಯಾವಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಕೆರಿಯಪ್ಪ ಪೊರಕೆ ಕಟ್ಟುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಮತ್ತೆ ಕೂತ. ದ್ಯಾವಮ್ಮ ಕುಡಿಯಲು ನೀರು ಬೆಲ್ಲ ತಂದಿಟ್ಟಳು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

“ದ್ಯಾವಮ್ಮಾ, ಆಟದ ಮೇಲೆ ಸಿಟ್ಟು ಮಾಡಬೇಡಿ,” ಎಂದೆ. “ಬೇಕಾದರೆ ನಾನು ಆ ದಾಳ ಒಲೆಗೆ ಹಾಕ್ತೇನೆ. ಆದರೆ ಅದರಲ್ಲಿ ಮೋಸ ಇಲ್ಲ. ಆರು ಮುಖ, ಆರಕ್ಕೂ ಸಮಾನ ಅವಕಾಶ. ಯಾವುದು ಬೀಳ್ತದೆ ಅಂತ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ.”

“ನಂಗೆ ಬರ್ತದೆ,” ಎಂದಳು ದಿವ್ಯಾ, ಬಾಗಿಲ ಹಿಂದಿನಿಂದ.

“ಎಂತ ಬರ್ತದೆ?”

“ಗುಡ್ಡ ಬರೂದಿಲ್ಲ. ಸೂರ್ಯ ಬರ್ತಾನೆ. ಎಲ್ಲಾರೂ ಇಷ್ಟು ದಿನ ಬರ್ಲಿಲ್ಲ, ಇವತ್ತು ಗುಡ್ಡ ಬಂದೇ ಬರ್ತದೆ ಅಂತ ಗುಡ್ಡಕ್ಕೇ ಬೀಜ ಇಡ್ತಿದ್ರು. ನಾನು ಸೂರ್ಯಂಗೆ ಇಡ್ತಿದ್ದೆ.”

ಎರಡು ಸಿದ್ದೆ ಹುಣಸೆಬೀಜ ಹೇಗೆ ಕೂಡಿತು ಎಂದು ನನಗೆ ಆಗ ತಿಳಿಯಿತು. ದಿವ್ಯಾ ಕೈ ಮುಂದೆ ಚಾಚಿ ದಾಳ ಕೇಳಿದಳು. ಕೊಟ್ಟೆ. ಅಂಗಳದ ಮೂಲೆಯ ನೀರಿನ ಬಕೆಟ್ಟಿನ ಹತ್ತಿರ ಹೋಗಿ ದಾಳವನ್ನು ಅದರೊಳಗೆ ಬಿಟ್ಟಳು.

“ಶಾಲೇಲಿ ಸ್ಲೇಟು ತೊಳೆಯೂವಾಗ ದಾಳ ಬಕೆಟ್ಟಿಗೆ ಬಿದ್ದಿತ್ತು. ಅವತ್ತು ನೋಡಿದೆ,” ಎಂದಳು.

ದಾಳ ನೀರಿನಲ್ಲಿ ಒಮ್ಮೆ ಹೊರಳಿತು, ನಿಧಾನಕ್ಕೆ ತಿರುಗಿತು, ಸೂರ್ಯನನ್ನು ಮೇಲೆ ಮಾಡಿ ತೇಲುತ್ತ ನಿಂತಿತು. ಅವಳು ಅದನ್ನು ಬೆರಳಿನಿಂದ ಒತ್ತಿ ಗುಡ್ಡ ಮೇಲೆ ಬರುವಂತೆ ಮಾಡಿ ಕೈ ಬಿಟ್ಟಳು. ಮತ್ತೆ ತಿರುಗಿತು, ಮತ್ತೆ ಸೂರ್ಯ. ನನಗೆ ನಾಚಿಕೆಯಾಯಿತು. ಎರಡನೆಯ ತರಗತಿಯ ಮಗು ಬಂದು ಸರಿಯಾದ ಮಾತನ್ನೇ ಹೇಳಿತ್ತು. ನಾನು ಅದಕ್ಕೆ ತಾಳ್ಮೆಯ ಪಾಠ ಮಾಡಿ ಕಳಿಸಿದ್ದೆ.

ಕೆರಿಯಪ್ಪ ಪೊರಕೆ ಬಿಟ್ಟು ಎದ್ದು ಬಂದಿದ್ದ. ಬಕೆಟ್ಟಿಗೆ ಬಗ್ಗಿ ನೋಡಿದ. ಮುಟ್ಟಲಿಲ್ಲ.

“ಇನ್ನೊಂದ್ಸಲ ಹಾಕು,” ಎಂದ.

ಹಾಕಿದಳು.

“ಇನ್ನೊಂದ್ಸಲ.”

ನಾಲ್ಕು ಸಲ ಹಾಕಿಸಿದ. “ಚಂದ್ರ ಅಡಿಗೆ ಹೋಗ್ತದೆ,” ಎಂದ.

“ಅದು ಗುಡ್ಡ ಅಜ್ಜ.”

“ಚಂದ್ರ,” ಎಂದ ಕೆರಿಯಪ್ಪ. ನನ್ನ ಕಡೆ ತಿರುಗಿ ಕೇಳಿದ: “ಇದನ್ನ ಯಾರು ಮಾಡಿದ್ದು ಅಕ್ಕೋರೆ?”

“ನಾಗಪ್ಪ ಆಚಾರಿ.”

“ಆವಾಗ ಗುಡಗುಡೀಲೂ ದಾಳ ಅವಂದೇ.” ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ನಾನು ಚಂದ್ರಂಗೇ ಕಟ್ತಿದ್ದೆ.”

ದ್ಯಾವಮ್ಮ ಬಕೆಟ್ಟಿನೊಳಗೆ ಕೈ ಹಾಕಿ, ಮುಟ್ಟಲಾರೆನೆಂದು ಹಿಂದೆ ಸರಿದಿದ್ದ ಅದೇ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಮೇಲೆತ್ತಿದಳು. ನೀರು ಮೊಣಕೈವರೆಗೆ ಇಳಿಯುತ್ತಿತ್ತು. “ನಡೀರಿ,” ಎಂದಳು. ಯಾರಿಗೆ ಹೇಳಿದಳೋ, ಕೆರಿಯಪ್ಪ, ದಿವ್ಯಾ, ನಾನು ಮೂವರೂ ಅವಳ ಹಿಂದೆ ಹೊರಟೆವು.

ನಾಗಪ್ಪ ಊಟ ಮುಗಿಸಿ ಕೊಟ್ಟಿಗೆಯಲ್ಲಿ ಉಳಿ ಮಸೆಯುತ್ತಿದ್ದ. ನಮ್ಮನ್ನು ಕಂಡು, “ಅಕ್ಕೋರೆ, ನೀವು ಹೇಳಿದ ಸ್ಟೂಲು ಇನ್ನೂ ಆಗ್ಲಿಲ್ಲ. ನಾಡಿದ್ದು ಬನ್ನಿ,” ಎಂದ.

“ಸ್ಟೂಲು ಇರ್ಲಿ. ಈ ದಾಳದೊಳಗೆ ಎಂತ ಇದೆ?”

“ಸೀಸ,” ಎಂದ ನಾಗಪ್ಪ. ಊಟಕ್ಕೆ ಏನು ಸಾರು ಎಂದು ಕೇಳಿದರೆ ಎಷ್ಟು ಸಲೀಸಾಗಿ ಹೇಳುತ್ತಿದ್ದನೋ ಅಷ್ಟೇ ಸಲೀಸಾಗಿ ಹೇಳಿದ.

“ಮಕ್ಕಳ ಆಟದ ದಾಳಕ್ಕೆ ಸೀಸ ಯಾಕೆ ಹಾಕಿದ್ರಿ?”

“ನೀವು ಬ್ಯಾಡ ಅಂತ ಹೇಳ್ಲಿಲ್ಲಲ್ಲ.”

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಸ್ಟೂಲಿಗೆ ನಾಲ್ಕು ಕಾಲು ಇರಲಿ ಎಂದು ನಾನು ಹೇಳಿರಲಿಲ್ಲ, ಅದಕ್ಕೆ ಎಷ್ಟು ಕಾಲು ಇಡುತ್ತಾನೋ.

ನಾಗಪ್ಪ ದಾಳವನ್ನು ಕೈಗೆ ತೆಗೆದುಕೊಂಡು ಅರ್ಧವೃತ್ತದ ಅಂಚಿನಲ್ಲಿ ಉಗುರು ಆಡಿಸಿ ನಮಗೆ ವಿವರಿಸಿದ. ಅಲ್ಲೊಂದು ಕೂದಲೆಳೆಯಷ್ಟು ಗೆರೆ ಇತ್ತು, ಹೇಳದಿದ್ದರೆ ಕಾಣದು. “ಚಂದ್ರನ ಅಡಿಗೆ ಕಾಳಷ್ಟು ಸೀಸ ಕೂರ್ಸಿ ಮೇಲೆ ಬೆಣೆ ಹೊಡೆಯೂದು. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ. ಗುಡಗುಡೀಲಿ ಜನ ಚಂದ್ರಂಗೇ ಹೆಚ್ಚು ಕಟ್ತಾರೆ, ಅದಕ್ಕೆ ಚಂದ್ರ ಬೀಳ್ಬಾರ್ದು, ಎದುರಿನ ಸೂರ್ಯನೇ ಬೀಳ್ಬೇಕು. ಆರು ಚಿತ್ರದ ದಾಳ ಅಂದ್ರೆ ಹಿಂಗೇ. ಬ್ಯಾರೆ ನಮೂನೆ ನನ್ನ ಕೈಯಲ್ಲಿ ಬರೂದಿಲ್ಲ.”

“ನನ್ನ ಬುಗುಡಿ?” ಎಂದಳು ದ್ಯಾವಮ್ಮ.

ನಾಗಪ್ಪ ತಲೆ ಎತ್ತಲಿಲ್ಲ. “ನಾನು ದಾಳ ಮಾಡ್ದೆ. ಆಡಿಸ್ದವ್ರು ಬ್ಯಾರೆ.”

“ನಿಂಗೆ ಗೊತ್ತಿತ್ತು.”

“ಎಲ್ಲಾರಿಗೂ ಗೊತ್ತೈತೆ ಅಂದ್ಕಂಡಿದ್ದೆ. ಕೇಳಿದ್ರೆ ಹೇಳ್ತಿದ್ದೆ ದ್ಯಾವಮ್ಮ. ಯಾರೂ ಕೇಳ್ಲೇ ಇಲ್ಲ.”

ಅವನು ಅದನ್ನು ಮೊಂಡುತನದಿಂದ ಹೇಳಲಿಲ್ಲ, ನಿಜವಾಗಿಯೇ ಹಾಗೆ ಅಂದುಕೊಂಡಿದ್ದ. ಅದನ್ನೇ ನನಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ದಾರಿಯಲ್ಲಿ ಓಡಾಡಿದವರು ಇವರು. ಅವನ ಮನೆಯ ಮದುವೆಗೆ ಇವರು ಹೋಗಿ ಚಪ್ಪರ ಹಾಕಿದವರು, ಇವರ ಮನೆಯ ಬಾಗಿಲು ಮಾಡಿದವನು ಅವನು.

ದ್ಯಾವಮ್ಮ ಗಂಡನ ಕಡೆ ತಿರುಗಿದಳು. ಈಗ ನಾಗಪ್ಪನಿಗಿಂತ ಅವನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂದ ಹಾಗಿತ್ತು.

“ಚಂದ್ರ ಬೀಳೂದಿಲ್ಲ ಅಂತ ಈ ಕೂಸಿಗೆ ಎರಡೇ ವಾರದಲ್ಲಿ ಗೊತ್ತಾತು. ನಿಂಗೆ ಎತ್ತು ಹೋದ್ರೂ ಗೊತ್ತಾಗ್ಲಿಲ್ಲ. ಬುಗುಡಿ ಹೋದ್ರೂ ಗೊತ್ತಾಗ್ಲಿಲ್ಲ. ಒಂದ್ಸಲನಾದ್ರೂ ಸೂರ್ಯಂಗೆ ಕಟ್ಬಾರ್ದಿತ್ತಾ?”

“ನನ್ನ ಕೈನೇ ಸರಿ ಇಲ್ಲ ಅಂದ್ಕಂಡಿದ್ದೆ,” ಎಂದ ಕೆರಿಯಪ್ಪ.

ಕೈ ಸರಿ ಇಲ್ಲ ಎಂದು ಮೊದಲು ಅಂದವಳು ದ್ಯಾವಮ್ಮನೇ. ಸೆರಗಿನಿಂದ ಮುಖ ಒರೆಸಿಕೊಂಡಳು, ಕೊಟ್ಟಿಗೆಯಲ್ಲಿದ್ದ ಮರದ ಕೊರಡನ್ನು ಕಾಲಿನಿಂದ ಎಳೆದು ಅದರ ಮೇಲೆ ಕೂತಳು.

“ಬ್ಯಾರೆ ದಾಳ ಮಾಡು,” ಎಂದಳು ನಾಗಪ್ಪನಿಗೆ. “ಈಗ್ಲೇ ಮಾಡು. ನಾನು ನೋಡ್ತಾ ಕೂತಿರ್ತೀನಿ.”

“ನಾಳೆ ಬಂದ್ರೆ—”

“ನಾಳೆ ಇಲ್ಲ.”

ನಾಗಪ್ಪ ಮರದ ತುಂಡು ಹುಡುಕಿದ. ಮೂರು ದಿನಕ್ಕೆ ಅಷ್ಟು ಚೆಂದದ ದಾಳ ಮಾಡಿದ್ದ ಕೈ ಇವತ್ತು ತಡವರಿಸುತ್ತಿತ್ತು. ಒಂದು ಮುಖ ಕೆತ್ತುವುದು, ಅಭ್ಯಾಸಬಲದಿಂದ ಕೊರೆಯುವ ಉಳಿಗೆ ಕೈ ಹಾಕುವುದು, ದ್ಯಾವಮ್ಮ ಕೆಮ್ಮುವುದು, ಅವನು ಉಳಿ ಕೆಳಗಿಡುವುದು. ಬಿಸಿಲು ಕೊಟ್ಟಿಗೆಯ ಬಾಗಿಲಿನಿಂದ ಗೋಡೆಗೆ ಹತ್ತಿತು. ನನಗೆ ಮನೆಯಲ್ಲಿ ಕೆಲಸ ಬಿದ್ದಿತ್ತು, ಆದರೆ ಎದ್ದು ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ದಾಳ ಮುಗಿದಾಗ ದ್ಯಾವಮ್ಮ ಅಲ್ಲಿದ್ದ ನೀರಿನ ಚರಿಗೆಗೆ ಹಾಕಿಸಿ ನೋಡಿದಳು. ಒಮ್ಮೆ ಗೋಡೆ ಮೇಲೆ, ಒಮ್ಮೆ ಬಾಗಿಲು, ಒಮ್ಮೆ ಗುಡ್ಡ. ಬಿಟ್ಟ ಹಾಗೆ ನಿಂತಿತು, ತಾನಾಗಿ ತಿರುಗಲಿಲ್ಲ.

“ಇದು ದಾಳ ಅಲ್ಲ, ಮರದ ತುಂಡು,” ಎಂದ ನಾಗಪ್ಪ ಬೇಸರದಿಂದ.

“ಮರದ ತುಂಡೇ ಸಾಕು,” ಎಂದು ದ್ಯಾವಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. “ಬೀಜ ಗೀಜ ಕಂಡ್ರೆ ಮತ್ತೆ ಬರ್ತೀನಿ ಅಕ್ಕೋರೆ.”

“ಹಾಗಾದರೆ ದಿವ್ಯಾ ಸೋಮವಾರ ಬರ್ತಾಳಲ್ಲ?”

“ನೋಡಾಣ,” ಎಂದಳು.

ಮಧ್ಯಾಹ್ನವಿಡೀ ಕೊಟ್ಟಿಗೆಯಲ್ಲಿ ಕೂತದ್ದಕ್ಕೆ ನನಗೆ ಸಿಕ್ಕ ಉತ್ತರ ಅಷ್ಟೇ. ಭಾನುವಾರವಿಡೀ ಆ ‘ನೋಡಾಣ’ ನನ್ನ ತಲೆಯಲ್ಲಿ ಕೂತಿತ್ತು. ದೋಸೆ ಸೀದುಹೋಯಿತು. ನಮ್ಮನೆಯವರು ನನ್ನ ಮುಖ ನೋಡಿ ಅದನ್ನೇ ತಿಂದರು.

ಸೋಮವಾರ ಪ್ರಾರ್ಥನೆ ಮುಗಿಯಿತು, ಹಾಜರಿ ಮುಗಿಯಿತು, ದಿವ್ಯಾ ಇಲ್ಲ. ಕಿರವತ್ತಿ ಕಡೆಯಿಂದ ಬರುವವರು ಹತ್ತರ ಬಸ್ಸಿಗೆ ಬಂದು ಇಳಿಯುತ್ತಾರೆ. ಹತ್ತೂವರೆಯಾಯಿತು. ಮಕ್ಕಳಿಗೆ ಹೊಸ ದಾಳ ಕೊಟ್ಟು ಆಡಲು ಕೂರಿಸಿದೆ. ಮೂರನೆಯ ಸುತ್ತಿನಲ್ಲಿ ಒಂದು ಗುಂಪಿಗೆ ಗುಡ್ಡ ಬಿತ್ತು. ಶಾಲೆಯ ಹಂಚು ಹಾರುವ ಹಾಗೆ ಕೂಗಿದರು. ನನಗೆ ಖುಷಿ ಆಗಲಿಲ್ಲ. ಇಡೀ ಶಾಲೆಯಲ್ಲಿ ಗುಡ್ಡ ಯಾಕೆ ಬೀಳುತ್ತಿಲ್ಲ ಎಂದು ಕಂಡುಹಿಡಿದವಳು ಒಬ್ಬಳೇ, ಅವಳ ಜಾಗ ಖಾಲಿ ಇತ್ತು. ನಾನು ಮೇಜಿನ ಮೇಲಿದ್ದ ಅವಳ ಸ್ಲೇಟನ್ನು ಎತ್ತಿ ಕಪಾಟಿನಲ್ಲಿ ಇಡಲು ಹೋದೆ. ಅಲ್ಲಿ ಅವಳ ಅಕ್ಕನ ಸ್ಲೇಟು ಇತ್ತು. ಇಡಲಾಗದೆ ಕೈಯಲ್ಲೇ ಹಿಡಿದು ನಿಂತೆ.

ಹನ್ನೊಂದು ದಾಟಿದ ಮೇಲೆ ಬಾಗಿಲಲ್ಲಿ ಕೆರಿಯಪ್ಪ ಕಾಣಿಸಿದ. ಸೊಂಟದಲ್ಲಿ ಕುಡುಗೋಲು, ತಲೆಯ ಮೇಲೆಲ್ಲ ಹುಲ್ಲಿನ ಎಸಳು, ಪಕ್ಕದಲ್ಲಿ ದಿವ್ಯಾ.

“ತಡ ಆತು ಅಕ್ಕೋರೆ,” ಎಂದಳು ದಿವ್ಯಾ. “ನಮ್ದು ಕೊಯ್ಲು ಶುರು ಆತು. ಮೊದ್ಲು ಅಜ್ಜ ಕತ್ತಿ ಹಾಕ್ದ. ಅಪ್ಪ ಹಾಕೂಕೆ ಹೋಗಿದ್ದ. ಅಜ್ಜಿ ಬ್ಯಾಡ ಅಂತು, ‘ನೀನೇ ಹಾಕು’ ಅಂತ ಅಜ್ಜಂಗೆ ಹೇಳ್ತು. ಅದನ್ನ ನೋಡ್ಕಂಡು ಬಂದೆ.”

“ಅಪ್ಪ ವಾಪಸು ಹೋಗುವಾಗ ನೀನು?”

“ನಾನು ಹೋಗೂದು ಬ್ಯಾಡಂತೆ. ಅಜ್ಜಿ ಹೇಳ್ತು.”

ಸ್ಲೇಟು ಅವಳ ಕೈಗೆ ಕೊಟ್ಟೆ. ಹೋಗಿ ಕೂತುಕೋ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಕೆರಿಯಪ್ಪ ಹೊರಟವನು ಮತ್ತೆ ನಿಂತ. ನೆಲದ ಮೇಲೆ ಮಕ್ಕಳ ನಡುವೆ ಬಿದ್ದಿದ್ದ ದಾಳವನ್ನು ನೋಡುತ್ತಿದ್ದ.

“ಒಂದ್ಸಲ ಹಾಕ್ಲಾ?” ಎಂದು ಕೇಳಿದ, ಮಕ್ಕಳು ಕೇಳುವ ಹಾಗೆ.

ದಿವ್ಯಾ ತಂದು ಕೊಟ್ಟಳು. ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು ದಾಳ ತೆಗೆದುಕೊಂಡ. ಹೊಸ್ತಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಉರುಳಿಸಿದ. ಹತ್ತೊಂಬತ್ತು ಮಕ್ಕಳೂ ಸುತ್ತ ಬಂದು ನಿಂತರು.

“ಗೋಡೆ,” ಎಂದರು ಮಕ್ಕಳು.

ಮತ್ತೆ ಉರುಳಿಸಿದ. ಗಾಳಿಪಟ. ಮತ್ತೊಮ್ಮೆ. ಮತ್ತೆ ಗೋಡೆ.

ನನಗೆ ತಡೆಯಲಾಗಲಿಲ್ಲ. ಮಕ್ಕಳಿಗೆ ಬೆಳಗ್ಗೆಯೇ ಬಿದ್ದ ಗುಡ್ಡ ಈ ಮನುಷ್ಯನಿಗೆ ಒಮ್ಮೆ ಬಿದ್ದರೆ ಈ ದಾಳಕ್ಕೆ ಏನು ಗಂಟು ಹೋಗುತ್ತದೆ ಎಂದು ರೇಗಿತು. “ಇನ್ನೊಂದು ಸಲ ಹಾಕಿ ಕೆರಿಯಪ್ಪ. ಬಿದ್ದೇ ಬೀಳ್ತದೆ,” ಎಂದೆ.

ಅವನು ದಾಳವನ್ನು ತಿರುಗಿಸಿ ಗುಡ್ಡದ ಮೇಲೆ ಹೆಬ್ಬೆರಳು ಆಡಿಸಿದ. ಅಂಚಿನಲ್ಲಿ ಗೆರೆ ಇರಲಿಲ್ಲ. ಅವನು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ಸಾಕು ಅಕ್ಕೋರೆ. ಈಗ ಬೀಳ್ದಿದ್ರೂ ಅಡ್ಡಿಲ್ಲ,” ಎಂದ.

ದಾಳವನ್ನು ದಿವ್ಯಾಳ ಕೈಗೆ ಕೊಟ್ಟು, ಕುಡುಗೋಲು ಸರಿಮಾಡಿಕೊಂಡು ಗದ್ದೆಯ ಕಡೆ ಹೊರಟ. ಕೊಯ್ಲು ಇನ್ನೂ ಮುಕ್ಕಾಲು ಬಾಕಿ ಇತ್ತು.